ಅಡಿಕೆಗೆ ಹೋದ ಮಾನ

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂಬ ಗಾದೆಯು ಕನ್ನಡನಾಡಿನಲ್ಲೆಲ್ಲ ಕೇಳಿಬರುವುದಾದರೂ, ಚನ್ನಗಿರಿಯ ಸೀಮೆಯಲ್ಲಿ, ಅದರಲ್ಲಿಯೂ ನಲ್ಲೂರಿನಂತಹ ಅಡಿಕೆಯ ಊರಿನಲ್ಲಿ ಅದನ್ನು ಕೇಳುವಾಗ ಅದರ ತೂಕವೇ ಬೇರೆಯಾಗಿ ತೋರುತ್ತದೆ. ಅನ್ಯತ್ರ ಅಡಿಕೆಯೆಂಬುದು ಅಲ್ಪವಸ್ತುವಿಗೆ ಒಂದು ದೃಷ್ಟಾಂತ ಮಾತ್ರ. ಇಲ್ಲಿಯಾದರೋ ಅದು ತೋಟ, ಅದು ಸಾಲ, ಅದು ಮಗಳ ಮದುವೆ, ಅದು ದಾಯಾದಿಯ ಮೇಲಿನ ವ್ಯಾಜ್ಯ. ಗಾದೆಯನ್ನು ಕಟ್ಟಿದವರು ಯಾರೋ, ಯಾವ ಕಾಲದವರೋ, ಮನುಷ್ಯಸ್ವಭಾವದ ಒಂದು ವೈಚಿತ್ರ್ಯವನ್ನು ಮಾತ್ರ ಚೆನ್ನಾಗಿ ಕಂಡುಕೊಂಡಿದ್ದರು. ಬೆಳೆ ಹೋಯಿತು, ಎತ್ತು ಸತ್ತಿತು, ಸಾಲ ಏರಿತು ಎಂಬ ದೊಡ್ಡ ನಷ್ಟಗಳನ್ನು ಮನುಷ್ಯನು ವಿಧಿಯ ಮೇಲೆ ಹೊರಿಸಿ ಸಹಿಸಬಲ್ಲನು; ತುಂಬಿದ ಸಭೆಯಲ್ಲಿ ತನಗೆ ಬರಬೇಕಾಗಿದ್ದ ಎರಡು ಎಲೆ, ಒಂದು ಹೋಳು ಅಡಿಕೆ ಪಕ್ಕದವನ ಕೈಗೆ ಮೊದಲು ಹೋದುದನ್ನು ಮೂರು ತಲೆಮಾರು ಕಳೆದರೂ ಮರೆಯನು. ಇಂದು ಮೊಬೈಲಿನ ಗಾಜಿನ ಮೇಲೆ ನಡೆಯುತ್ತಿರುವ ಮಾನಾಪಮಾನಗಳ ವ್ಯವಹಾರವನ್ನು, ಯಾರು ಮೆಚ್ಚಿದರು, ಯಾರು ನೋಡಿಯೂ ಸುಮ್ಮನಾದರು ಎಂಬ ಲೆಕ್ಕದಲ್ಲಿ ನಿದ್ದೆಗೆಡುವ ಎಳೆಯರ ಸಂಕಟವನ್ನು, ಹಿಂದೆಂದೂ ಇಲ್ಲದಿದ್ದ ಹೊಸ ವ್ಯಾಧಿಯೆಂದು ಹೇಳುವವರುಂಟು. ಈ ಸೀಮೆಯಲ್ಲಿ ತಾಂಬೂಲವು ನಡೆದುಬಂದ ದಾರಿಯನ್ನು ನೋಡಿದರೆ, ವ್ಯಾಧಿಯು ಹಳೆಯದೆಂದೂ ಅದಕ್ಕಿದ್ದ ಚಿಕಿತ್ಸೆಯು ಮಾತ್ರ ಕಳೆದುಹೋಗಿದೆಯೆಂದೂ ನನಗೆ ತೋರುತ್ತದೆ. ಆ ಚಿಕಿತ್ಸೆಯು ಅನೇಕ ವೇಳೆ ವ್ಯಾಧಿಗಿಂತಲೂ ಕ್ರೂರವಾಗಿತ್ತೆಂಬುದನ್ನೂ ಮುಚ್ಚಿಡತಕ್ಕದ್ದಲ್ಲ.

ತಾಂಬೂಲವು ಮನುಷ್ಯನ ಬೆಲೆಯನ್ನು ಅಳೆಯುವ ಮಾನದಂಡವಾದುದು ಮೊದಲು ಅರಮನೆಗಳಲ್ಲಿ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ಸ್ನಾನ, ಪಾದುಕೆ, ವಿಲೇಪನ ಮುಂತಾದ ರಾಜೋಪಭೋಗಗಳ ಸಾಲಿನಲ್ಲಿ ತಾಂಬೂಲಕ್ಕೂ ಒಂದು ಪ್ರಕರಣವನ್ನು ಮೀಸಲಿಟ್ಟಿದೆ. ಅದೇ ಶತಮಾನದಲ್ಲಿ ಕಾನ್ಯಕುಬ್ಜದ ಅರಸನ ಆಶ್ರಯದಲ್ಲಿದ್ದ ಶ್ರೀಹರ್ಷನು, ಪಂಡಿತರ ಬೆವರಿಳಿಸುವ ‘ನೈಷಧೀಯಚರಿತ’ವೆಂಬ 22 ಸರ್ಗಗಳ ಮಹಾಕಾವ್ಯವನ್ನು ಬರೆದು ಮುಗಿಸಿ, ತಾನು ಯಾರೆಂದು ಹೇಳಿಕೊಳ್ಳುವ ಸಂದರ್ಭ ಬಂದಾಗ, ದೊರೆಯ ಕೈಯಿಂದ ಎರಡು ತಾಂಬೂಲಗಳನ್ನೂ ಒಂದು ಆಸನವನ್ನೂ ಪಡೆಯುವವನೆಂದು ತನ್ನನ್ನು ಬಣ್ಣಿಸಿಕೊಂಡಿದ್ದಾನೆ. ಒಂದಲ್ಲ, ಎರಡು! ಅಷ್ಟು ದೊಡ್ಡ ಕಾವ್ಯವು ಕೈಯಲ್ಲಿದ್ದೂ ಅದರಿಂದ ತೃಪ್ತಿಯಾಗದೆ, ಆ ಎರಡನೆಯ ತಾಂಬೂಲವನ್ನು ಲೋಕಕ್ಕೆ ತೋರಿಸಬೇಕೆಂದು ಅವನಿಗೆ ಅನ್ನಿಸಿತಲ್ಲ ಎಂಬುದನ್ನು ನೆನೆದಾಗ, ತಮ್ಮ ಚಿತ್ರಕ್ಕೆ ಬಂದ ಮೆಚ್ಚುಗೆಗಳನ್ನು ಮತ್ತೆ ಮತ್ತೆ ಎಣಿಸುವ ಹುಡುಗರ ಮೇಲೆ ನನಗೆ ಕೋಪ ಬರುವುದಿಲ್ಲ. 1443ರಲ್ಲಿ ಹೆರಾತಿನ ಸುಲ್ತಾನ ಶಾರುಖನ ರಾಯಭಾರಿಯಾಗಿ ವಿಜಯನಗರಕ್ಕೆ ಬಂದ ಅಬ್ದುರ್ ರಜಾಕನು ಇಮ್ಮಡಿ ದೇವರಾಯನ ಓಲಗದಲ್ಲಿ ತನಗೆ ದೊರೆತ ವೀಳ್ಯವನ್ನೂ ಕರ್ಪೂರವನ್ನೂ ಮರೆಯದೆ ಬರೆದಿಟ್ಟಿದ್ದಾನೆ. ಆ ಎಲೆಯ ಗುಣಗಳನ್ನು ಹೊಗಳುತ್ತ ಹೊಗಳುತ್ತ ರಾಯಭಾರದ ಗಾಂಭೀರ್ಯವನ್ನು ತುಸು ಮರೆತಂತೆಯೂ ಕಾಣುತ್ತದೆ. ಯುದ್ಧಕ್ಕೆ ಹೊರಡುವ ದಳವಾಯಿಗೆ ರಣವೀಳ್ಯ, ದೂತನಿಗೆ ಬೀಳ್ಕೊಡುವ ವೀಳ್ಯ, ಕವಿಗೆ ಕರ್ಪೂರತಾಂಬೂಲ. ಹೀಗೆ ಒಬ್ಬನು ದೊರೆಯ ಕಣ್ಣಿನಲ್ಲಿ ಏನಾಗಿದ್ದಾನೆಂಬುದು ಅವನ ಅಂಗೈಯಲ್ಲಿ ಬಿದ್ದುದರಿಂದ ತಿಳಿಯುತ್ತಿತ್ತು.

ಅರಮನೆಯ ಈ ಮರ್ಯಾದೆಯು ಊರಿನ ಚಾವಡಿಗೆ ಇಳಿದುಬಂದಾಗ ಅದರ ವೈಭವವು ಕುಗ್ಗಿತೇ ಹೊರತು ಅದರ ಹಿಡಿತವು ಕುಗ್ಗಲಿಲ್ಲ. ಎಚ್. ವಿ. ನಂಜುಂಡಯ್ಯನವರು ಮೊದಲುಮಾಡಿ, ಎಲ್. ಕೆ. ಅನಂತಕೃಷ್ಣ ಅಯ್ಯರ್ ಅವರು ಪೂರೈಸಿ, 1928ರಿಂದ ಮುಂದಕ್ಕೆ ಸಂಪುಟಗಳಾಗಿ ಪ್ರಕಟವಾದ ಮೈಸೂರು ಸಂಸ್ಥಾನದ ಜಾತಿ-ಬುಡಕಟ್ಟುಗಳ ಗ್ರಂಥವನ್ನು ತೆರೆದು ನೋಡಿದರೆ, ಮದುವೆಯ ವರ್ಣನೆ ಬಂದಲ್ಲೆಲ್ಲ ತಾಂಬೂಲದ ವರ್ಣನೆಯೂ ಬರುತ್ತದೆ. ಕನ್ಯೆಯನ್ನು ಒಪ್ಪಿದುದಕ್ಕೆ ಒಪ್ಪುವೀಳ್ಯ. ದೇವರ ಹೆಸರಿನಲ್ಲಿ ಎತ್ತಿಡುವ ವೀಳ್ಯ. ಗುರುವಿಗೆ, ಕಟ್ಟೆಮನೆಗೆ, ಗೌಡನಿಗೆ, ಯಜಮಾನನಿಗೆ ಕ್ರಮವಾಗಿ ಸಲ್ಲುವ ವೀಳ್ಯಗಳು. ಈ ಕ್ರಮವು ತಪ್ಪಿದರೆ ಚಪ್ಪರದಲ್ಲಿ ಕಲಹವೇ. ಬೀಗರ ಕಡೆಯ ಹಿರಿಯರೊಬ್ಬರು ಎಲೆಯನ್ನು ಮುಟ್ಟದೆ ಶಲ್ಯವನ್ನು ಕೊಡವಿಕೊಂಡು ಎದ್ದರೆಂದರೆ, ಅವರನ್ನು ಹಿಂದಕ್ಕೆ ಕರೆತರಲು ಕನ್ಯಾಪಿತೃವು ಬರಿಗಾಲಿನಲ್ಲಿ ಓಡಬೇಕಾಗುತ್ತಿತ್ತು. ಇದನ್ನು ಹಳ್ಳಿಯವರ ಕ್ಷುದ್ರತೆಯೆಂದು ನಗುವವರು ಧರ್ಮರಾಯನ ರಾಜಸೂಯವನ್ನು ನೆನೆಯಬೇಕು. ಅಷ್ಟು ದೊಡ್ಡ ಯಾಗದಲ್ಲಿ, ಅಷ್ಟು ಮಂದಿ ಅರಸರ ಮುಂದೆ ಅಗ್ರಪೂಜೆಯು ಕೃಷ್ಣನಿಗೆ ಸಂದಿತೆಂಬ ಒಂದೇ ಕಾರಣಕ್ಕೆ ಶಿಶುಪಾಲನು ನೂರು ಬಗೆಯಾಗಿ ಬೈದು ಕಡೆಗೆ ತಲೆಯನ್ನೇ ಕಳೆದುಕೊಂಡನು. ಈ ಕಥೆಯನ್ನು ಚಳಿಗಾಲದ ರಾತ್ರಿಗಳಲ್ಲಿ ಪುರಾಣಪಠನವಾಗಿಯೋ ಬಯಲಾಟವಾಗಿಯೋ ಕಂಡ ಜನರು ಬೆಳಗಾದ ಮೇಲೆ ಮೊದಲ ವೀಳ್ಯಕ್ಕಾಗಿ ಜಗಳವಾಡಿದರೆಂಬುದು ವಿನೋದವೂ ಹೌದು, ಅರ್ಥವಾಗದ ಮಾತೂ ಅಲ್ಲ.

ಆದರೆ ಹಳೆಯ ಪದ್ಧತಿಯನ್ನು ಹೊಗಳಹೊರಟವರು ಆ ಸಾಲಿನ ಮೊದಲನ್ನಷ್ಟೇ ನೋಡಿ ಕೊನೆಯನ್ನು ನೋಡುವುದಿಲ್ಲ. ಸಾಲಿನ ಕೊನೆಯಲ್ಲಿ ನಿಂತವರುಂಟು, ಸಾಲಿನಲ್ಲಿಯೇ ಇಲ್ಲದವರುಂಟು. ಊರ ಹೊರಗಣ ಕೇರಿಯವರಿಗೆ ಎಲೆಯಡಿಕೆಯನ್ನು ಕೈಗೆ ಕೊಡದೆ ಮೇಲಿನಿಂದ ಹಾಕುತ್ತಿದ್ದರು, ಅಥವಾ ನೆಲದ ಮೇಲಿಟ್ಟು ಸರಿದು ನಿಲ್ಲುತ್ತಿದ್ದರು. ಮದುವೆಯ ಚಪ್ಪರವನ್ನು ಹಾಕಿದವನು, ಡೋಲು ಬಾರಿಸಿದವನು, ತೋಟದಲ್ಲಿ ಅದೇ ಅಡಿಕೆಯ ಗೊನೆಯನ್ನು ಇಳಿಸಿದವನು ತನ್ನ ಶ್ರಮದ ಫಲವನ್ನು ಆ ರೀತಿಯಾಗಿ ಹಿಂದಕ್ಕೆ ಪಡೆಯಬೇಕಾಗಿತ್ತು. ಇನ್ನು ಗಂಡನನ್ನು ಕಳೆದುಕೊಂಡ ಹೆಂಗಸು, ಆಕೆಯು ಹದಿನಾರು ವರ್ಷದವಳಾಗಲಿ ಅರವತ್ತರವಳಾಗಲಿ, ಅರಿಶಿನ ಕುಂಕುಮದ ತಟ್ಟೆಯು ತನ್ನ ಮುಂದೆ ಬಾರದೆ ಬಳಸಿಕೊಂಡು ಹೋಗುವುದನ್ನು ಆಯುಷ್ಯವೆಲ್ಲ ನೋಡಬೇಕಾಗಿತ್ತು. ನೆರೆಮನೆಯ ಎಳೆಯ ಸೊಸೆಗೆ ಮಡಿಲು ತುಂಬುತ್ತಿರುವಾಗ ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತ ಅತ್ತೆಯೊಬ್ಬಳ ಮನಸ್ಸಿನಲ್ಲಿ ಏನು ನಡೆಯುತ್ತಿತ್ತೆಂಬುದನ್ನು ಕೇಳಿ ಬರೆದಿಟ್ಟ ಜನಾಂಗಶಾಸ್ತ್ರಜ್ಞರು ಕಡಿಮೆ. ಸ್ವಂತ ಯೋಗ್ಯತೆಯ ವಿಷಯದಲ್ಲಿ ಮನುಷ್ಯನನ್ನು ಕುಗ್ಗಿಸುವ ಉಪಾಯಗಳು ಮೊಬೈಲಿನೊಂದಿಗೆ ಹುಟ್ಟಿದವೆಂದು ಹೇಳಲು ಇವರ ಎದುರಿನಲ್ಲಿ ನಮಗೆ ಬಾಯಿಲ್ಲ.

ಈಗ ಚಿಕಿತ್ಸೆಯ ಮಾತು. ಕುಲಕಟ್ಟಳೆಯನ್ನು ಮೀರಿದವನಿಗೆ ತಾಂಬೂಲವನ್ನು ನಿಲ್ಲಿಸುವುದೆಂದರೆ ಅವನನ್ನು ಬದುಕಿರುವಾಗಲೇ ಸತ್ತವರ ಲೆಕ್ಕಕ್ಕೆ ಸೇರಿಸಿದಂತೆ. ಕ್ಷೌರಿಕನು ಬಾರನು, ಅಗಸನು ಬಟ್ಟೆ ಒಯ್ಯನು, ಬೆಂಕಿ ನೀರುಗಳನ್ನು ಯಾರೂ ಕೊಡರು. ಆದರೂ ಅದಕ್ಕೊಂದು ಅಂತ್ಯವಿತ್ತು. ಕುಲದ ಹಿರಿಯರ ಕಟ್ಟೆಯು ಕೂಡುತ್ತಿತ್ತು, ಆರೋಪವನ್ನು ಎದುರಿನಲ್ಲಿ ಹೇಳುತ್ತಿದ್ದರು, ಹೇಳಿದವರ ಮುಖವು ಕಾಣುತ್ತಿತ್ತು, ತಪ್ಪುಕಾಣಿಕೆಯ ಮೊತ್ತವು ನಿಗದಿಯಾಗುತ್ತಿತ್ತು. ಕೆಲವು ಕುಲಗಳಲ್ಲಿ ಕಾಯಿಸಿದ ಬಂಗಾರದ ತುಣುಕಿನಿಂದ ನಾಲಿಗೆಯನ್ನು ಮುಟ್ಟಿಸಿ, ತೀರ್ಥವನ್ನು ಕೊಟ್ಟು, ಕುಲದವರ ಪಂಕ್ತಿಯಲ್ಲಿ ಕೂಡಿಸಿ ಊಟ ಹಾಕಿಸುತ್ತಿದ್ದರೆಂದು ಮೇಲೆ ಹೇಳಿದ ಸಂಪುಟಗಳಲ್ಲಿಯೇ ಇದೆ. ಊಟವಾದ ಮೇಲೆ ಅವನ ಕೈಗೆ ವೀಳ್ಯವು ಬಂದಿತೆಂದರೆ ಮುಗಿಯಿತು; ಮರುದಿನ ಅದೇ ಅಗಸನು ಅದೇ ಬಾಗಿಲಿಗೆ ಬರುವನು. ಗಾದೆಯನ್ನು ಕಟ್ಟಿದವರು ಈ ಒಂದು ಸಂಗತಿಯನ್ನು ಬಿಟ್ಟರೆಂದು ತೋರುತ್ತದೆ: ಅಡಿಕೆಗೆ ಹೋದ ಮಾನವು ಆನೆಯಿಂದ ಬಾರದಿದ್ದರೂ ಅಡಿಕೆಯಿಂದಲೇ ಮರಳಿ ಬರುತ್ತಿತ್ತು. ಆ ನ್ಯಾಯದಲ್ಲಿ ಅನ್ಯಾಯವು ಎಷ್ಟಿತ್ತೆಂಬುದನ್ನು ಹೇಳಿ ಪೂರೈಸಲಾಗದು. ಹೆಂಗಸಿನ ಮಾತಿಗೆ ಅಲ್ಲಿ ಸ್ಥಾನವಿರಲಿಲ್ಲ, ಬಡವನಿಗೆ ಕಾಣಿಕೆಯೇ ಭಾರವಾಗುತ್ತಿತ್ತು. ಆದರೆ ಅವಮಾನವೆಂಬುದು ಒಂದು ದಿನ ಆರಂಭವಾಗಿ ಇನ್ನೊಂದು ದಿನ ಮುಗಿಯತಕ್ಕ ವಸ್ತುವೆಂಬ ತಿಳಿವಳಿಕೆಯು ಅದರಲ್ಲಿತ್ತು. ಈ ಸೀಮೆಗೆ ದೂರವಲ್ಲದ ಸಿರಿಗೆರೆಯ ತರಳಬಾಳು ಬೃಹನ್ಮಠದಲ್ಲಿ ಸೋಮವಾರಗಳಂದು ಸೇರುವ ಸದ್ಧರ್ಮ ನ್ಯಾಯಪೀಠಕ್ಕೆ ಇಂದಿಗೂ ಜನರು ದಾಯಾದಿಗಳ ವ್ಯಾಜ್ಯ, ಗಂಡಹೆಂಡಿರ ವ್ಯಾಜ್ಯಗಳನ್ನು ಹೊತ್ತು ಹೋಗುವುದು, ನನ್ನ ಊಹೆಯಲ್ಲಿ, ನ್ಯಾಯಕ್ಕಾಗಿ ಮಾತ್ರವಲ್ಲ. ಎದುರಾಳಿಯೊಡನೆ ಒಂದೇ ಸಭೆಯಲ್ಲಿ ಕುಳಿತು, ಇಬ್ಬರ ಮಾತನ್ನೂ ನಾಲ್ಕು ಜನ ಕೇಳಿ, ಇಲ್ಲಿಗೆ ಇದು ಮುಗಿಯಿತೆಂದು ಒಬ್ಬರು ಹೇಳಲಿ ಎಂಬ ಆಸೆಗಾಗಿಯೂ ಇದ್ದೀತು.

ಚನ್ನಗಿರಿ ತಾಲ್ಲೂಕಿನಲ್ಲಿ ಮಾನದ ಕಥೆಯನ್ನು ಹೇಳುತ್ತ ಸೂಳೆಕೆರೆಯನ್ನು ಬಿಟ್ಟುಹೋಗುವುದು ಸಾಧ್ಯವಿಲ್ಲ. ಎರಡು ಗುಡ್ಡಗಳ ನಡುವಣ ಕಣಿವೆಗೆ ಅಡ್ಡಲಾಗಿ ಏರಿಯನ್ನು ಕಟ್ಟಿ ನಿಲ್ಲಿಸಿದ ಈ ಕೆರೆಯು ನಾಡಿನ ಅತಿ ದೊಡ್ಡ ಕೆರೆಗಳಲ್ಲಿ ಒಂದು. ಸಿದ್ಧನಾಲೆ, ಬಸವನಾಲೆಗಳೆಂಬ ಅದರ ಎರಡು ಕಾಲುವೆಗಳು ಇಂದಿಗೂ ಗದ್ದೆತೋಟಗಳಿಗೆ ನೀರೂಡುತ್ತಿವೆ. ಇದನ್ನು ಕಟ್ಟಿಸಿದವಳು ಸ್ವರ್ಗಾವತಿಯೆಂಬ ಪಟ್ಟಣದ ರಾಜಪುತ್ರಿ ಶಾಂತವ್ವೆಯೆಂಬ ಐತಿಹ್ಯವು ಬಹಳ ಹಿಂದಿನಿಂದ ಪ್ರಸಿದ್ಧವಾಗಿದ್ದು, ಲೂಯಿ ರೈಸ್ ಅವರು ತಮ್ಮ ಮೈಸೂರು ಗೆಜೆಟಿಯರಿನಲ್ಲಿಯೂ ಅದನ್ನು ಕಾಣಿಸಿದ್ದಾರೆ. ಕಥೆಯು ಬಾಯಿಂದ ಬಾಯಿಗೆ ಬೇರೆಯಾಗುತ್ತದೆ. ಸಿದ್ಧೇಶ್ವರನೆಂಬವನೊಡನೆ ಆಕೆಗಿದ್ದ ಸಂಬಂಧವನ್ನು ಜನರು ಆಡಿಕೊಂಡರೆಂದೂ, ತಂದೆಯೂ ಸಂಶಯಪಟ್ಟನೆಂದೂ, ಆ ಕಳಂಕವನ್ನು ಕಳೆದುಕೊಳ್ಳಲು ಆಕೆಯು ಕೆರೆಯನ್ನು ಕಟ್ಟಿಸಹೊರಟಳೆಂದೂ ಹೇಳುವರು. ಕೆರೆಗೆ ಬೇಕಾದ ನೆಲದಲ್ಲಿ ವೇಶ್ಯೆಯರ ಕೇರಿಯಿತ್ತಂತೆ. ನೆಲವನ್ನು ಬಿಟ್ಟುಕೊಡಲು ಅವರು ಹೊನ್ನನ್ನು ಕೇಳಲಿಲ್ಲ, ಕೆರೆಗೆ ತಮ್ಮ ಹೆಸರಿರಬೇಕೆಂದು ಕೇಳಿದರಂತೆ. ಕಥೆಯು ನಿಜವೋ ಕಲ್ಪನೆಯೋ, ಅದನ್ನು ಕಟ್ಟಿದ ಬುದ್ಧಿಯು ಸಾಮಾನ್ಯವಾದುದಲ್ಲ. ಊರಿನ ಮಾತಿನಿಂದ ಹೆಸರನ್ನು ಕಳೆದುಕೊಂಡ ಒಬ್ಬ ಹೆಣ್ಣು, ಎಂದೂ ಹೆಸರನ್ನೇ ಪಡೆಯದಿದ್ದ ಹೆಣ್ಣುಗಳ ಬಾಗಿಲಿಗೆ ಹೋಗಿ ನಿಂತಳು. ತನ್ನ ಮಾನವನ್ನು ಉಳಿಸಿಕೊಳ್ಳುವ ಕಾರ್ಯಕ್ಕೆ ಅವರ ಮಾನವೇ ಬೆಲೆಯಾಯಿತು. ಈಚೆಗೆ ಶಾಂತಿಸಾಗರವೆಂಬ ಸಭ್ಯವಾದ ಹೆಸರು ಫಲಕಗಳ ಮೇಲೆ ಬಂದಿದೆ. ಕಟ್ಟಿಸಿದವಳ ಸ್ಮರಣೆಯಾಯಿತೆಂದು ಕೆಲವರಿಗೆ ಸಮಾಧಾನ. ನನಗಾದರೋ ಕೊಟ್ಟ ಭಾಷೆಯನ್ನು ಎಷ್ಟೋ ನೂರು ವರ್ಷಗಳ ಮೇಲೆ ಮುರಿದಂತೆ ತೋರುತ್ತದೆ. ಜನರ ನಾಲಿಗೆಯು ಮಾತ್ರ ಈಗಲೂ ಹಳೆಯ ಹೆಸರನ್ನೇ ಹೇಳುತ್ತಿದೆ.

ಹಿಂದಿನ ಕಾಲವನ್ನು ಬಿಟ್ಟು ಇತ್ತಣ ನೂರು ವರ್ಷಗಳಿಗೆ ಬಂದರೆ ಮಾನದ ಅಳತೆಗೋಲುಗಳು ಬೇಗಬೇಗನೆ ಬದಲಾದುದು ಕಾಣುತ್ತದೆ. ಭದ್ರಾ ಅಣೆಕಟ್ಟು 1960ರ ದಶಕದಲ್ಲಿ ಸಿದ್ಧವಾಗಿ ಬಲದಂಡೆಯ ನಾಲೆಯು ಹರಿದ ಮೇಲೆ ಈ ಕಡೆಯ ರಾಗಿಜೋಳದ ಹೊಲಗಳು ಗದ್ದೆಗಳಾದುವು, ಆ ಬಳಿಕ ಕೊಳವೆಬಾವಿಗಳ ಬಲವೂ ಸೇರಿ ಗದ್ದೆಗಳು ತೋಟಗಳಾದುವು. ಮನುಷ್ಯನ ಯೋಗ್ಯತೆಯನ್ನು ಅವನ ತೋಟದ ಎಕರೆಯಲ್ಲಿಯೂ ಆ ವರ್ಷದ ಧಾರಣೆಯಲ್ಲಿಯೂ ಹೇಳುವ ವಾಡಿಕೆಯು ಆಗ ಬಲವಾಯಿತು. 2014ರಲ್ಲಿ ಕೆಂಪಡಿಕೆಯ ಧಾರಣೆಯು ಕ್ವಿಂಟಲಿಗೆ 80 ಸಾವಿರ ರೂಪಾಯಿಗಳನ್ನು ಮೀರಿ ಏರಿ, ಮುಂದಿನ ವರ್ಷಗಳಲ್ಲಿ ಅದರ ಅರ್ಧಕ್ಕೂ ಕೆಳಗೆ ಇಳಿದಾಗ, ಇಳಿದುದು ಹಣದ ಲೆಕ್ಕವೊಂದೇ ಆಗಿರಲಿಲ್ಲ. ಏರಿದ ದಿನಗಳಲ್ಲಿ ಮನೆಯ ಮೇಲೆ ಮಹಡಿ ಎತ್ತಿಸಿದವರು, ನಂಟರ ಮುಂದೆ ಮಗನ ಮದುವೆಯನ್ನು ಇಂತಿಷ್ಟು ವೈಭವದಿಂದ ಮಾಡುವೆನೆಂದು ಆಡಿದವರು, ಆಡಿದ ಮಾತಿನ ಸಾಲವನ್ನು ತೀರಿಸಲಾರದೆ ಮುಖ ಮರೆಸಿಕೊಂಡು ತಿರುಗಬೇಕಾಯಿತು. ಮದುವೆಮನೆಯಲ್ಲಿ ಮುಯ್ಯಿ ಬರೆಯುವವನು ಹೆಸರನ್ನೂ ಮೊತ್ತವನ್ನೂ ಗಟ್ಟಿಯಾಗಿ ಓದುತ್ತಿದ್ದ ಕಾಲದಲ್ಲಿ ಇದೇ ಭಯವು ಇನ್ನೊಂದು ರೂಪದಲ್ಲಿತ್ತು: ಧ್ವನಿವರ್ಧಕದಲ್ಲಿ ತನ್ನ ಹೆಸರಿನ ಮುಂದೆ ಬರುವ ಸಂಖ್ಯೆಯು ತನ್ನ ಷಡ್ಡಕನ ಸಂಖ್ಯೆಗಿಂತ ಕಡಿಮೆಯಾಗಬಾರದೆಂದು ಬಡ್ಡಿಗೆ ಹಣ ತಂದು ಮುಯ್ಯಿ ಮಾಡಿದವರುಂಟು.

ಸಾರ್ವಜನಿಕ ಸಭೆಯೆಂಬ ಹೊಸ ಚಾವಡಿಯೂ ಇದೇ ಕಾಲದಲ್ಲಿ ಬೆಳೆಯಿತು. ತರಳಬಾಳು ಹುಣ್ಣಿಮೆಯ ಮಹೋತ್ಸವವು 1950ರಲ್ಲಿ ಜಗಳೂರಿನಲ್ಲಿ ಮೊದಲಾಗಿ ಊರೂರಿಗೆ ಹರಡಿತು. ವಿದ್ವಾಂಸರೂ ರೈತರೂ ಒಂದೇ ಚಪ್ಪರದ ಕೆಳಗೆ ಕುಳಿತು ಭಾಷಣ ಕೇಳುವ ಆ ಪರಿಪಾಠವು ಅನೇಕರಿಗೆ ತಾವೂ ಲೋಕದಲ್ಲಿ ಗಣ್ಯರೆಂಬ ಭಾವವನ್ನು ಕೊಟ್ಟಿತೆಂಬುದನ್ನು ಸ್ಮರಿಸಬೇಕು. ಅದರ ನೆರಳಿನಂತೆ ಶಾಲು, ಹಾರ, ಪೇಟ, ಫಲತಾಂಬೂಲಗಳ ಸನ್ಮಾನವೂ ಬಂದಿತು, ವೇದಿಕೆಯ ಮೇಲೆ ಕುರ್ಚಿಯಿಲ್ಲದವರ ಮುನಿಸೂ ಬಂದಿತು. ಆಮೇಲೆ ಬಂದುದು ಫ್ಲೆಕ್ಸ್ ಫಲಕ. ನಾಯಕನ ಮುಖವು ಆಳೆತ್ತರ. ಊರ ಮುಖಂಡರು ಅಂಡಾಕಾರದ ಚೌಕಟ್ಟುಗಳಲ್ಲಿ. ಕೆಳಗಿನ ಅಂಚಿನಲ್ಲಿ, ಪಾಸ್‌ಪೋರ್ಟ್ ಅಳತೆಯಲ್ಲಿ, ಕಪ್ಪು ಕನ್ನಡಕವನ್ನು ಧರಿಸಿದ ಅಭಿಮಾನಿ ಬಳಗದ ಹುಡುಗರು. ರಾಜಸೂಯದ ಸಭೆಯ ಆಸನಕ್ರಮವನ್ನು ಇಷ್ಟು ಸ್ಪಷ್ಟವಾಗಿ ಯಾವ ವ್ಯಾಸರೂ ಬರೆದಿಲ್ಲ. 2016ರಲ್ಲಿ ರಾಜ್ಯ ಸರ್ಕಾರವು ಪ್ಲಾಸ್ಟಿಕ್ ನಿಷೇಧದ ಆಜ್ಞೆಯಲ್ಲಿ ಫ್ಲೆಕ್ಸನ್ನೂ ಸೇರಿಸಿತಾದರೂ, ಬಸ್ ನಿಲ್ದಾಣದ ಎದುರಿನ ಆ ಚೌಕಟ್ಟುಗಳಲ್ಲಿ ಸ್ಥಾನ ಪಡೆಯುವ ಹಂಬಲವು ಆಜ್ಞೆಗೆ ಬಗ್ಗುವಂತಹುದಾಗಿರಲಿಲ್ಲ.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಜಿಯೋ ಸಿಮ್ ಬಂದಿತು, ಅಂತರ್ಜಾಲವು ಬಿಟ್ಟಿಯಾಯಿತೆಂಬಷ್ಟು ಅಗ್ಗವಾಯಿತು, ಮತ್ತು ಅಡಿಕೆ ಸುಲಿಯುವ ಮನೆಯ ಅಂಗಳದಲ್ಲಿಯೂ ಮೊಬೈಲು ಬೆಳಗತೊಡಗಿತು. ಫೇಸ್‌ಬುಕ್ಕಿನವರು ಮೆಚ್ಚುಗೆಯ ಹೆಬ್ಬೆರಳ ಗುರುತನ್ನು 2009ರ ಫೆಬ್ರವರಿಯಲ್ಲಿ ಹೊರಗೆ ಬಿಟ್ಟಿದ್ದರು. ವಾಟ್ಸಾಪಿನವರು ಸಂದೇಶವನ್ನು ಓದಿದುದಕ್ಕೆ ಸಾಕ್ಷಿಯಾಗಿ ನೀಲಿ ಗೆರೆಗಳನ್ನು 2014ರ ನವೆಂಬರಿನಲ್ಲಿ ತಂದಿದ್ದರು. ನಲ್ಲೂರಿಗೆ ಇವೆಲ್ಲವೂ ಒಟ್ಟಿಗೇ ಬಂದಂತಾಯಿತು. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸನು 1890ರಲ್ಲಿ ಪ್ರಕಟಿಸಿದ ತನ್ನ ಮಹಾಗ್ರಂಥದಲ್ಲಿ ಸ್ವಾಭಿಮಾನವನ್ನು ಒಂದು ಭಿನ್ನರಾಶಿಯಾಗಿ ಬರೆದನು: ಮೇಲೆ ನಾವು ಸಾಧಿಸಿದುದು, ಕೆಳಗೆ ನಾವು ಆಗಬೇಕೆಂದು ಬಯಸಿದುದು. ಸಾಧನೆಯು ಅಷ್ಟೇ ಇದ್ದರೂ ಛೇದವು ಬೆಳೆದರೆ ಸ್ವಾಭಿಮಾನವು ಕುಗ್ಗುತ್ತದೆ. ಲಿಯಾನ್ ಫೆಸ್ಟಿಂಗರನು 1954ರಲ್ಲಿ, ಮನುಷ್ಯನು ತನ್ನನ್ನು ಹೋಲಿಸಿಕೊಳ್ಳುವುದು ತನಗೆ ಸಮೀಪದವರೆಂದು ತೋರುವವರೊಡನೆ ಎಂದನು. ಇವೆರಡನ್ನು ಸೇರಿಸಿದರೆ ನಮ್ಮ ಕಾಲದ ಸಂಕಟವು ಬಹುಮಟ್ಟಿಗೆ ಅರ್ಥವಾಗುತ್ತದೆ. ಹಿಂದೆ ಒಬ್ಬ ಹುಡುಗನ ಛೇದವು ಪಕ್ಕದ ತೋಟದ ದಾಯಾದಿಯ ಮಗನಾಗಿದ್ದನು. ಅವನ ಬೈಕನ್ನೂ ನೋಡುತ್ತಿದ್ದನು, ಅವನ ಅಪ್ಪನ ಸಾಲವನ್ನೂ ಬಲ್ಲವನಾಗಿದ್ದನು. ಈಗ ಬೆಂಗಳೂರಿನ ಸಹಪಾಠಿಯೂ ದುಬೈಯ ಅಪರಿಚಿತನೂ ಅಂಗೈಯ ಅಳತೆಯಲ್ಲಿ, ಕಿರಿಯ ತಮ್ಮನಷ್ಟೇ ಸಮೀಪದಲ್ಲಿ ನಗುತ್ತಾರೆ. ಅವರ ಬೈಕು ಕಾಣುತ್ತದೆ, ಸಾಲ ಕಾಣುವುದಿಲ್ಲ. ಹೆಣ್ಣುಮಕ್ಕಳ ವಿಷಯದಲ್ಲಿ ಈ ಹೋಲಿಕೆಯು ಮೈಬಣ್ಣಕ್ಕೂ ಮೈಕಟ್ಟಿಗೂ ಇಳಿಯುತ್ತದೆ. ಇನ್‌ಸ್ಟಾಗ್ರಾಂ ತನ್ನ ಕಿರಿಯ ಬಳಕೆದಾರ್ತಿಯರಲ್ಲಿ ಅನೇಕರಿಗೆ ತಮ್ಮ ದೇಹದ ಬಗೆಗಿನ ಜುಗುಪ್ಸೆಯನ್ನು ಹೆಚ್ಚಿಸುತ್ತಿದೆಯೆಂದು ಆ ಸಂಸ್ಥೆಯ ಒಳಗಿನ ಕಾಗದಗಳೇ ಹೇಳುತ್ತಿದ್ದುದು 2021ರಲ್ಲಿ ಬಯಲಾಯಿತು. ಮೆಚ್ಚುಗೆಯ ಎಣಿಕೆಯನ್ನು ಬೇಕಾದವರು ಮರೆಮಾಡಿಕೊಳ್ಳಬಹುದೆಂಬ ಅನುಕೂಲವನ್ನೂ ಅದೇ ವರ್ಷ ಕೊಟ್ಟರು; ಆದರೆ ಇತರರಿಂದ ಎಣಿಕೆಯನ್ನು ಮರೆಮಾಡಬಹುದೇ ಹೊರತು, ಬರಲಿಲ್ಲವೆಂಬುದನ್ನು ತನ್ನಿಂದ ತಾನು ಹೇಗೆ ಮರೆಮಾಡುವುದು?

ತಾಂಬೂಲದ ತಟ್ಟೆಯು ತನ್ನನ್ನು ಬಳಸಿಕೊಂಡು ಹೋದಾಗ ಆಗುವ ನೋವು ಎಂತಹುದೆಂಬುದನ್ನು ಪ್ರಯೋಗಶಾಲೆಯಲ್ಲಿ ಅಳೆದವರೂ ಇದ್ದಾರೆ. ಕಿಪ್ಲಿಂಗ್ ವಿಲಿಯಮ್ಸ್ ಎಂಬ ಮನಶ್ಶಾಸ್ತ್ರಜ್ಞನು ಉದ್ಯಾನದಲ್ಲಿ ಕುಳಿತಿರುವಾಗ ಇಬ್ಬರು ಅಪರಿಚಿತರು ಆಡುತ್ತಿದ್ದ ಹಾರುತಟ್ಟೆಯು ಇವನ ಬಳಿ ಬಿದ್ದಿತು, ಎತ್ತಿ ಎಸೆದನು, ಅವರು ಕೆಲವು ಸಲ ಇವನಿಗೂ ಎಸೆದು, ಆಮೇಲೆ ಇವನಿಲ್ಲವೆಂಬಂತೆ ತಮ್ಮೊಳಗೆ ಆಡತೊಡಗಿದರು. ಹೆಸರರಿಯದ ಇಬ್ಬರು ಮಾಡಿದ ಅಷ್ಟು ಚಿಕ್ಕ ಉಪೇಕ್ಷೆಯು ತನಗೇಕೆ ಇಷ್ಟು ನೋಯಿಸಿತೆಂದು ಬೆರಗಾದ ಅವನು, 2000ದಲ್ಲಿ ತನ್ನ ಸಂಗಡಿಗರೊಡನೆ ಗಣಕಯಂತ್ರದ ಪರದೆಯ ಮೇಲೆ ಮೂವರ ಚೆಂಡಾಟವೊಂದನ್ನು ರಚಿಸಿ ಪರೀಕ್ಷಿಸಿದನು. ಚೆಂಡು ಬಾರದವನಿಗೆ ತನ್ನ ಬೆಲೆಯೇ ಕುಗ್ಗಿದಂತೆ ತೋರಿತು. ವಿಶೇಷವೇನೆಂದರೆ, ಮುಂದಿನ ಪ್ರಯೋಗಗಳಲ್ಲಿ, ಎದುರು ಆಡುತ್ತಿರುವುದು ಮನುಷ್ಯರಲ್ಲ, ಬರಿಯ ಯಂತ್ರವೆಂದು ಮುಂಚೆಯೇ ಹೇಳಿ ಆಡಿಸಿದಾಗಲೂ ಆ ಕುಗ್ಗುವಿಕೆಯು ಕಂಡುಬಂದಿತು. ನಮ್ಮ ಗಾದೆಗೆ ಇದಕ್ಕಿಂತ ಉತ್ತಮವಾದ ವ್ಯಾಖ್ಯಾನವನ್ನು ನಾನು ಓದಿಲ್ಲ. ನೀಲಿ ಗೆರೆಯು ಮೂಡಿಯೂ ಉತ್ತರವು ಬಾರದ ರಾತ್ರಿಯಲ್ಲಿ ಚಡಪಡಿಸುವವರನ್ನು ದುರ್ಬಲರೆಂದು ಗದರಿಸುವ ಹಿರಿಯರು ಇದನ್ನು ತಿಳಿದಿರಬೇಕು. ಹಳೆಯ ಕಟ್ಟೆಯಲ್ಲಿ ತಾಂಬೂಲವನ್ನು ನಿಲ್ಲಿಸಿದವರು ಯಾರು, ಏಕೆ ನಿಲ್ಲಿಸಿದರು, ಏನು ಕೊಟ್ಟರೆ ಮತ್ತೆ ಕೊಡುವರು ಎಂಬುದು ತಿಳಿದಿತ್ತು. ಈಗ ಗುಂಪಿನಿಂದ ಹೆಸರು ಅಳಿದಿರುತ್ತದೆ, ಅಳಿಸಿದವರು ನಾಳೆ ಸಂತೆಯಲ್ಲಿ ಸಿಕ್ಕಿ ಚೆನ್ನಾಗಿಯೇ ಮಾತನಾಡುತ್ತಾರೆ. ಉತ್ತರವು ಬರುವುದಿಲ್ಲ, ಬಾರದಿರುವುದಕ್ಕೆ ಕಾರಣವೂ ಬರುವುದಿಲ್ಲ. ಕೂಡಬೇಕಾದ ಕಟ್ಟೆಯೊಂದು ಇಲ್ಲದಿರುವುದರಿಂದ ಮನುಷ್ಯನು ತನ್ನ ಮೇಲೆ ತಾನೇ ಕಟ್ಟೆಯನ್ನು ಕೂಡಿಸಿ, ತಾನೇ ವಾದಿಯೂ ಪ್ರತಿವಾದಿಯೂ ಆಗಿ, ಸಾಮಾನ್ಯವಾಗಿ ತನ್ನ ವಿರುದ್ಧವಾಗಿಯೇ ತೀರ್ಪನ್ನು ಕೊಟ್ಟುಕೊಳ್ಳುತ್ತಾನೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಮೊಬೈಲು ಅಂತರ್ಜಾಲಗಳ ಬಳಕೆಯು ಮಿತಿಮೀರಿದವರಿಗಾಗಿ 2014ರಲ್ಲಿ ‘ಶಟ್’ ಎಂಬ ಚಿಕಿತ್ಸಾಲಯವನ್ನು ತೆರೆಯಿತು. 2022ರ ಅಕ್ಟೋಬರಿನಿಂದ ಟೆಲಿ-ಮಾನಸ್ ಎಂಬ ವ್ಯವಸ್ಥೆಯಲ್ಲಿ 14416ಕ್ಕೆ ಕರೆಮಾಡಿದರೆ ಮನಸ್ಸಿನ ಕಷ್ಟವನ್ನು ಕನ್ನಡದಲ್ಲಿಯೇ ಹೇಳಿಕೊಳ್ಳಬಹುದಾಗಿದೆ. ಯಾವ ಕುಲ, ಯಾರ ಮಗ ಎಂದು ಕೇಳದ ಕಿವಿಯೊಂದು ಇರುವುದು ಹಳೆಯ ಕಟ್ಟೆಗಿಂತ ಒಂದು ಬಗೆಯಲ್ಲಿ ಮೇಲೆಂದೇ ಹೇಳಬೇಕು.

ಮದುವೆಯ ಮಾತುಕತೆಯಲ್ಲಿ ಈ ಹೊಸ ಮೌನವು ಇನ್ನಷ್ಟು ತೀಕ್ಷ್ಣವಾಗಿದೆ. ಹಿಂದೆ ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ಕೇಸರಿಬಾತುಗಳನ್ನು ತಿಂದು, ಊರಿಗೆ ಹೋಗಿ ತಿಳಿಸುತ್ತೇವೆಂದು ಹೇಳಿ ಹೋಗಿ ತಿಳಿಸದಿದ್ದಾಗ, ಸೀರೆಯುಟ್ಟು ಚಾಪೆಯ ಮೇಲೆ ತಲೆತಗ್ಗಿಸಿ ಕುಳಿತಿದ್ದ ಹುಡುಗಿಯು ಆ ಉಪೇಕ್ಷೆಯನ್ನು ಮೈಬಣ್ಣದ ಲೆಕ್ಕಕ್ಕೋ ಜಾತಕದ ಲೆಕ್ಕಕ್ಕೋ ಬರೆದುಕೊಂಡು ನುಂಗುತ್ತಿದ್ದಳು. ಒಪ್ಪುವೀಳ್ಯವಾಗದೆ ಎದ್ದುಹೋದ ಚಾಪೆಗಳ ಸಂಖ್ಯೆಯನ್ನು ಅವಳ ತಾಯಿಯ ಓರಗಿತ್ತಿಯರು ಎಣಿಸುತ್ತಿದ್ದರು. ಈಗ ತಕ್ಕಡಿಯು ತಿರುಗಿದೆ. ಆದಿಚುಂಚನಗಿರಿಯಲ್ಲಿ 2022ರ ನವೆಂಬರಿನಲ್ಲಿ ನಡೆದ ವಧೂವರರ ಸಮಾವೇಶಕ್ಕೆ ವರರು ಸಾವಿರ ಸಾವಿರವಾಗಿ ಬಂದು, ವಧುಗಳು ಕೆಲವೇ ನೂರರಲ್ಲಿದ್ದುದೂ, ಮರುವರ್ಷದ ಫೆಬ್ರವರಿಯಲ್ಲಿ ಮಂಡ್ಯದ ಕಡೆಯ ಅವಿವಾಹಿತರು ಹೆಣ್ಣು ಸಿಗಲೆಂದು ಮಲೆ ಮಹದೇಶ್ವರನ ಬೆಟ್ಟಕ್ಕೆ ಪಾದಯಾತ್ರೆ ಹೋದುದೂ ಪತ್ರಿಕೆಗಳಲ್ಲಿ ಬಂದಿದ್ದುವು, ಕೆಲವರು ನಕ್ಕರು. ಅಡಿಕೆಯ ಸೀಮೆಯ ಮನೆಗಳಲ್ಲಿ ಆ ನಗು ಕೇಳಿಸಲಿಲ್ಲ. ತೋಟವುಳ್ಳ, ದುಡಿಯುವ, ದುಶ್ಚಟವಿಲ್ಲದ ಮಗನ ಫೋಟೋವನ್ನೂ ವಿವರವನ್ನೂ ವಾಟ್ಸಾಪಿನಲ್ಲಿ ಕಳುಹಿಸಿ, ಅದನ್ನು ನೋಡಿದರೆಂಬ ನೀಲಿ ಗೆರೆಯನ್ನು ಮಾತ್ರ ಪಡೆದ ತಾಯಂದಿರಿದ್ದಾರೆ. ಉಪ್ಪಿಟ್ಟು ತಿಂದು ಹೋದವರ ಮೇಲೆ ಬೈಯುವುದಕ್ಕಾದರೂ ಅವಕಾಶವಿತ್ತು. ಓದಿದ ಹೆಣ್ಣುಮಕ್ಕಳು ತೋಟದ ಮನೆಯನ್ನು ಒಲ್ಲೆನೆನ್ನುವುದಕ್ಕೆ ಅವರ ಅಜ್ಜಿಯರು ಅಡುಗೆಮನೆಯ ಬಾಗಿಲ ಮರೆಯಲ್ಲಿ ಕಂಡುದೂ ಒಂದು ಕಾರಣವಾಗಿದ್ದೀತೆಂಬುದನ್ನು ಮಾತ್ರ ಆ ತಾಯಂದಿರಿಗೆ ಹೇಳುವುದು ಕಷ್ಟ.

ತಾಂಬೂಲವೇನಾಯಿತು? ಈಚಿನ ಮದುವೆಗಳಲ್ಲಿ ಊಟ ಮುಗಿಸಿ ಕಲ್ಯಾಣಮಂಟಪದ ಬಾಗಿಲಿಗೆ ಬಂದರೆ, ವಧೂವರರ ಹೆಸರನ್ನು ಅಚ್ಚುಹಾಕಿಸಿದ ಚೀಲಗಳನ್ನು ಮೇಜಿನ ಮೇಲೆ ಒಟ್ಟಿಕೊಂಡು ಇಬ್ಬರು ಹುಡುಗರು ನಿಂತಿರುತ್ತಾರೆ. ಒಳಗೆ ಒಂದು ತೆಂಗಿನಕಾಯಿ, ಎರಡು ಎಲೆ, ಪೊಟ್ಟಣದಲ್ಲಿ ಅಡಿಕೆ. ಗೌಡರಿಗೂ ಅದೇ, ಗೊನೆ ಇಳಿಸಿದವನಿಗೂ ಅದೇ. ವಿಧವೆಯಾದ ಚಿಕ್ಕಮ್ಮನಿಗೂ ಅದೇ ಚೀಲವನ್ನು ಹುಡುಗನು ಮುಖ ನೋಡದೆ ಕೊಡುತ್ತಾನೆ. ನಂಜುಂಡಯ್ಯನವರ ಕಾಲದ ಆ ಕ್ರಮಪಟ್ಟಿಯು ಯಾವ ಚಳವಳಿಯೂ ಇಲ್ಲದೆ ಒಂದು ಕೈಚೀಲದಲ್ಲಿ ಮುಗಿದುಹೋಗಿದೆ. ಅಡಿಕೆಯು ಅರ್ಬುದಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಸಾರಿದ ಮೇಲೆ ಅದನ್ನು ಜಗಿಯುವವರೂ ಓದಿದವರಲ್ಲಿ ಕಡಿಮೆಯಾಗಿ, ಎಷ್ಟೋ ಮನೆಗಳಲ್ಲಿ ಕಾಯಿಯನ್ನು ಅಡುಗೆಗೆ ತೆಗೆದುಕೊಂಡು ಪೊಟ್ಟಣವನ್ನು ಎಸೆಯುತ್ತಾರೆ. ಚೀಲದ ವಿಷಯವಾಗಿ ಯಾರೂ ಜಗಳವಾಡುವುದಿಲ್ಲ. ಜಗಳವು ಮರುದಿನ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಫೋಟೋಗಳು ಬಂದ ಮೇಲೆ: ಧಾರೆಯ ಚಿತ್ರದಲ್ಲಿ ಸೋದರಮಾವನವರ ಅರ್ಧ ಮುಖವೇ ಬಂದಿದೆ, ದೊಡ್ಡತ್ತೆಯವರು ಒಂದರಲ್ಲಿಯೂ ಇಲ್ಲ, ಮದುಮಗಳು ತನ್ನ ಸ್ಟೇಟಸ್ಸಿಗೆ ಹಾಕಿಕೊಂಡ ಏಳು ಚಿತ್ರಗಳಲ್ಲಿ ನಾದಿನಿಯದು ಒಂದೂ ಇಲ್ಲ. ದೊಡ್ಡತ್ತೆಯವರು ಯಾರಿಗೂ ಏನನ್ನೂ ಹೇಳದೆ ಗುಂಪಿನಿಂದ ಹೊರಬರುತ್ತಾರೆ. ಅವರು ಹೊರಬಂದರೆಂದು ಗುಂಪಿನಲ್ಲಿ ಒಂದು ಸಾಲು ತಾನಾಗಿ ಮೂಡುತ್ತದೆ. ಅವರನ್ನು ಮತ್ತೆ ಸೇರಿಸಿಕೊಳ್ಳುವವರು ಯಾರೆಂಬುದರ ಮೇಲೆ ಈಗ ಬೀಗರಲ್ಲಿ ಮಾತು ನಡೆದಿದೆ.